ಹಾಡಿನ ಮೇಲೆ ಹಿಡಿತ, ಹಕ್ಕಿನ ಮೇಲಿಲ್ಲ

1960ರ ದಶಕದ ಕೊನೆಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ರಾಕ್ ಹಾಡುಗಳಿಗೆ ಕೊನೆಯೇ ಇರಲಿಲ್ಲ ಅನ್ನಬಹುದು. ಗ್ರೇಟ್‌ಫುಲ್ ಡೆಡ್‌ನಂಥ ತಂಡಗಳು ಒಂದೇ ಹಾಡನ್ನು ವೇದಿಕೆಯ ಮೇಲೆ ಎಷ್ಟೋ ಹೊತ್ತು ಬೆಳೆಸುತ್ತಿದ್ದವು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಆಚೆ ದಡದಲ್ಲಿರುವ ಎಲ್ ಸೆರಿಟೊ ಎಂಬ ಊರಿನ ನಾಲ್ವರು ಹುಡುಗರು ಮಾತ್ರ ಎರಡು ಮೂರು ನಿಮಿಷಗಳಲ್ಲಿ ಹೇಳಬೇಕಾದ್ದನ್ನು ಹೇಳಿ ನಿಲ್ಲಿಸುತ್ತಿದ್ದರು. ಹಾಡುಗಾರ, ಗಿಟಾರ್ ವಾದಕ ಜಾನ್ ಫೋಗರ್ಟಿ, ಅವರ ಅಣ್ಣ ಟಾಮ್, ಬೇಸ್ ನುಡಿಸುವ ಸ್ಟೂ ಕುಕ್, ಡ್ರಮ್ ಬಾರಿಸುವ ಡಗ್ ಕ್ಲಿಫರ್ಡ್ ಸೇರಿದ ಈ ತಂಡವೇ ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್. ಎಂಟು ನಿಮಿಷ ದಾಟುವ ‘ಸೂಸಿ ಕ್ಯೂ’ನಂಥ ಹಾಡುಗಳು ಇವರಲ್ಲೂ ಇವೆ, ಆದರೆ ಹೆಸರು ತಂದದ್ದು ಚಿಕ್ಕ ಹಾಡುಗಳೇ. ಅವು ಇಂದಿಗೂ ಮಾಸದಿರುವುದಕ್ಕೆ ಈ ಹತೋಟಿಯೇ ಕಾರಣ. ತಂಡ ಒಡೆದದ್ದಕ್ಕೂ ಅದೇ ಕಾರಣ ಎಂಬುದು ನನ್ನ ವಾದ.

ಈ ಹತೋಟಿ ಒಮ್ಮೆಲೇ ಬಂದದ್ದಲ್ಲ. ಜಾನ್, ಕುಕ್ ಮತ್ತು ಕ್ಲಿಫರ್ಡ್ ಶಾಲಾ ದಿನಗಳಲ್ಲೇ, 1959ರಲ್ಲಿ ಜೊತೆಗೂಡಿದ್ದರು. ನಮಗೆ ಗೊತ್ತಿರುವ ಹೆಸರಿನಲ್ಲಿ ಮೊದಲ ಆಲ್ಬಂ ಬಂದದ್ದು 1968ರಲ್ಲಿ. ಹೀಗೆ ಸುಮಾರು ಹತ್ತು ವರ್ಷ ಕಾದವರು 1969ರ ಒಂದೇ ವರ್ಷದಲ್ಲಿ ಮೂರು ಆಲ್ಬಂ ಹೊರತಂದರು, ಮರುವರ್ಷ ‘ಕಾಸ್ಮೋಸ್ ಫ್ಯಾಕ್ಟರಿ’ ಬಂತು. ಆ ಆಲ್ಬಂಗೆ ಹೆಸರು ಕೊಟ್ಟದ್ದು ಅವರು ಬಿಡದೆ ತಾಲೀಮು ನಡೆಸುತ್ತಿದ್ದ ಜಾಗ. ಕಾರ್ಖಾನೆ ಎಂಬ ಆ ಹೆಸರು ಅವರಿಗೆ ಒಪ್ಪುತ್ತದೆ: ಅಲ್ಲಿ ನಡೆಯುತ್ತಿದ್ದದ್ದು ಸ್ಫೂರ್ತಿಗಾಗಿ ಕಾಯುವ ಕೆಲಸವಲ್ಲ, ದುಡಿಮೆ. ಇವರ ಐದು ಸಿಂಗಲ್‌ಗಳು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೇರಿದವು, ಮೊದಲ ಸ್ಥಾನ ಮಾತ್ರ ಆ ಪಟ್ಟಿಯಲ್ಲಿ ಒಮ್ಮೆಯೂ ಸಿಗಲಿಲ್ಲ.

ಇವರ ಮೇಲಿರುವ ಹಳೆಯ ಆಕ್ಷೇಪ ಒಂದಿದೆ. ಲೂಸಿಯಾನಾದ ಜೌಗು ನೆಲ, ಮಿಸಿಸಿಪ್ಪಿಯ ದೋಣಿಗಳ ಬಗ್ಗೆ ಹಾಡಿದವರು ಕ್ಯಾಲಿಫೋರ್ನಿಯಾದ ಬಡಾವಣೆಯ ಹುಡುಗರು; ಹಾಗಾದರೆ ಇದು ನಟನೆಯಲ್ಲವೇ? ಜೌಗಿನ ಆ ದಕ್ಷಿಣ ಜಾನ್‌ಗೆ ಕಂಡದ್ದಕ್ಕಿಂತ ಕೇಳಿಸಿದ್ದೇ ಹೆಚ್ಚು. ರೇಡಿಯೊ ಮತ್ತು ಗ್ರಾಮಫೋನ್ ತಟ್ಟೆಗಳಲ್ಲಿ ಬಂದ ಕಪ್ಪು ಜನರ ಬ್ಲೂಸ್, ಮೆಂಫಿಸ್‌ನ ರಾಕಬಿಲಿ ಇವರ ನಿಜವಾದ ತವರು. ಕೇಳಿ ಕಟ್ಟಿಕೊಂಡ ಊರು ಸುಳ್ಳಾಗಬೇಕಿಲ್ಲ. ಟೆನೆಸಿಯಲ್ಲಿ ಹುಟ್ಟಿದ ಟೀನಾ ಟರ್ನರ್ ಇವರ ‘ಪ್ರೌಡ್ ಮೇರಿ’ಯನ್ನು ಎತ್ತಿಕೊಂಡು ತನ್ನ ಬದುಕಿನುದ್ದಕ್ಕೂ ಹಾಡಿದ್ದು ಇದಕ್ಕೆ ನನಗೆ ಕಾಣುವ ದೊಡ್ಡ ಸಾಕ್ಷಿ. ಸಾಲ ಪಡೆದ ಪರಂಪರೆಯ ದನಿಯೇ ಆ ಹಾಡನ್ನು ತನ್ನದೆಂದು ಒಪ್ಪಿಕೊಂಡಿತು. ಆದರೂ ಆ ಸಂಗೀತದ ಮೂಲ ಕಲಾವಿದರಲ್ಲಿ ಬಹುಪಾಲು ಜನರಿಗೆ ಇಷ್ಟು ಹಣವಾಗಲಿ ಹೆಸರಾಗಲಿ ಸಿಗಲಿಲ್ಲ ಎಂಬ ಮಾತನ್ನು ಅಲ್ಲಗಳೆಯಲಾಗದು. ಇನ್ನು ನಟನೆಯ ಆಕ್ಷೇಪಕ್ಕೆ ಮರಳಿದರೆ, ಇವರ ‘ಫಾರ್ಚುನೇಟ್ ಸನ್’ನಲ್ಲಂತೂ ಕಲ್ಪಿತ ಊರಿನ ಮಾತೇ ಇಲ್ಲ. ವಿಯೆಟ್ನಾಂ ಯುದ್ಧಕ್ಕೆ ಬಡವರ ಮಕ್ಕಳು ಹೋಗಿ ಉಳ್ಳವರ ಮಕ್ಕಳು ತಪ್ಪಿಸಿಕೊಳ್ಳುವುದರ ಮೇಲಿನ ಆ ಸಿಟ್ಟು ಸ್ವತಃ ಸೇನೆಯ ಮೀಸಲು ಪಡೆಯಲ್ಲಿದ್ದ ಜಾನ್ ಅವರದು.

ಎರಡನೇ ಆಕ್ಷೇಪ ಇನ್ನೂ ಗಟ್ಟಿಯಾದದ್ದು: ಎಲ್ಲವೂ ಜಾನ್ ಒಬ್ಬರದೇ, ಉಳಿದವರು ಪಕ್ಕವಾದ್ಯದವರು. ಬರೆದವರು, ಹಾಡಿದವರು, ನಿರ್ಮಿಸಿದವರು ಬಹುಮಟ್ಟಿಗೆ ಅವರೇ ಎಂಬುದು ನಿಜ. ಆ ಬಿಗಿ ತಾಳಲಾರದೆ ಟಾಮ್ 1971ರಲ್ಲಿ ಹೊರನಡೆದರು. ಉಳಿದಿಬ್ಬರೂ ಬರೆದು ಹಾಡಿದ 1972ರ ‘ಮಾರ್ಡಿ ಗ್ರಾ’ ವಿಮರ್ಶಕರಿಗೆ ರುಚಿಸಲಿಲ್ಲ, ತಂಡವೂ ಅದೇ ವರ್ಷ ಮುಗಿಯಿತು. ಮರುವರ್ಷ ಜಾನ್ ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ ಒಂದು ಆಲ್ಬಂ ಮಾಡಿದರು. ಅಚ್ಚುಕಟ್ಟಾದ ಕೆಲಸವದು, ಆದರೆ ಕ್ರೀಡೆನ್ಸ್‌ನ ಆ ಓಟ, ಆ ತೂಕ ಅದರಲ್ಲಿಲ್ಲ. ಚಿಕ್ಕಂದಿನಿಂದ ಒಟ್ಟಿಗೆ ನುಡಿಸಿದವರ ಲಯಕ್ಕೆ ಬದಲಿ ಇರಲಿಲ್ಲ.

ಹಾಡನ್ನು ಇಷ್ಟು ಬಿಗಿಯಾಗಿ ಹಿಡಿದವರು ಕಾಗದದ ಮೇಲೆ ಎಲ್ಲವನ್ನೂ ಬಿಟ್ಟುಕೊಟ್ಟಿದ್ದರು. ಹಾಡುಗಳ ಹಕ್ಕು ಅವರ ರೆಕಾರ್ಡ್ ಕಂಪನಿ ಫ್ಯಾಂಟಸಿ ರೆಕಾರ್ಡ್ಸ್‌ನದಾಗಿತ್ತು. ಕರಾರಿನಿಂದ ಬಿಡಿಸಿಕೊಳ್ಳಲು ಜಾನ್ ತಮ್ಮ ರಾಯಧನವನ್ನೇ ತೊರೆದರು, ವರ್ಷಗಟ್ಟಲೆ ಆ ಹಾಡುಗಳನ್ನು ವೇದಿಕೆಯಲ್ಲಿ ಹಾಡದೆ ಉಳಿದರು. 1985ರ ಅವರ ಹೊಸ ಹಾಡು ಅವರದೇ ಹಳೆಯ ಹಾಡಿನ ನಕಲು ಎಂದು ಫ್ಯಾಂಟಸಿ ಮೊಕದ್ದಮೆ ಹೂಡಿತು! ಜಾನ್ ಗಿಟಾರ್ ಹಿಡಿದು ನ್ಯಾಯಾಲಯದಲ್ಲೇ ನುಡಿಸಿ ತೋರಿಸಿದರು, 1988ರಲ್ಲಿ ಗೆದ್ದರು. ವಕೀಲರ ಶುಲ್ಕದ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟ್‌ವರೆಗೆ ಹೋಗಿ, ಕೃತಿಸ್ವಾಮ್ಯದ ಪ್ರಕರಣಗಳಲ್ಲಿ ಗೆದ್ದ ಪ್ರತಿವಾದಿಗೂ ವಾದಿಗೂ ಒಂದೇ ಅಳತೆಗೋಲು ಎಂಬ ತೀರ್ಪು 1994ರಲ್ಲಿ ಬಂತು. ಅಮೆರಿಕದ ಕಲಾವಿದರಿಗೆ ಈ ತಂಡದ ಕಥೆಯಿಂದ ದಕ್ಕಿದ ಆಸ್ತಿಗಳಲ್ಲಿ ಇದನ್ನೂ ಎಣಿಸಬೇಕು. ತಮ್ಮ ಹಾಡುಗಳ ಪ್ರಕಾಶನ ಹಕ್ಕಿನ ಬಹುಪಾಲು ಜಾನ್ ಕೈಸೇರಿದ್ದು 2023ರಲ್ಲಿ, ಅವರ ಎಪ್ಪತ್ತೇಳನೆಯ ವಯಸ್ಸಿನಲ್ಲಿ. ಮುನಿಸು ಕಳೆಯದೆಯೇ ಟಾಮ್ ತೀರಿಕೊಂಡು ಅಷ್ಟರಲ್ಲಿ ಮೂವತ್ತೆರಡು ವರ್ಷ ಕಳೆದಿತ್ತು.