ಕಂಬದ ಬುಡದ ಗುರುಕುಲ

‘ತಮ್ಮಾ, ಎಲ್‌ಸಿ ತಗೊಂಡಿಯೇನು?’

‘ತಗೊಂಡೀನ್ರಿ ಕಾಕಾ.’

‘ಯಾರ ಕೊಟ್ರು? ಯಾವ ಫೀಡರಿಗೆ ಕೊಟ್ರು?’

ಗದಗ ಹತ್ತಿರದ ನಾಗಾವಿಯ ಹೊಲದ ಬದುವಿನಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಕಂಬದ ಬುಡಕ್ಕೆ ನಿಂತ ಹಿರಿಯ ಲೈನ್‌ಮನ್, ಕೊನೆಯ ಪ್ರಶ್ನೆಗೆ ಉತ್ತರ ಸಿಗುವ ತನಕ ಹುಡುಗನನ್ನು ಏಣಿ ಹತ್ತಗೊಡಲಿಲ್ಲ. ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಫೀಡರ್ ಬಂದ್ ಮಾಡಿದ್ದೇವೆ, ನೀವು ಹೇಳುವ ತನಕ ಚಾಲೂ ಮಾಡುವುದಿಲ್ಲ ಎಂದು ಸಬ್‌ಸ್ಟೇಷನ್ ಕೊಡುವ ಮಾತು. ಆ ಮಾತು ಸಿಕ್ಕಮೇಲೂ ಅವರು ಡಿಸ್ಚಾರ್ಜ್ ರಾಡ್‌ನಿಂದ ಮೂರೂ ತಂತಿ ಮುಟ್ಟಿಸಿ ಅರ್ಥ್ ಮಾಡಿಸಿದರು. ಯಾರದೋ ಮನೆಯ ಜನರೇಟರ್ ಕರೆಂಟು ಟಿಸಿಯೊಳಗೆ ಹಿಮ್ಮುಖವಾಗಿ ನುಗ್ಗಿದರೆ, ಬಂದ್ ಆದ 11 ಕೆ.ವಿ. ತಂತಿಯೂ ಜೀವ ತೆಗೆಯುತ್ತದೆ.

ಈ ವಿದ್ಯೆಗೆ ಇನ್ನೊಂದು ಶಾಲೆಯಿಲ್ಲ. ಹಾಗಿದ್ದಮೇಲೆ ಈ ಶಾಲೆಗೆ ಹುಡುಗರು ಸೇರುವ ದಾರಿ ಹೇಗೆ ಹುಟ್ಟಿತು ಎಂದು ಹುಡುಕಹೊರಟೆ.

1902ರಲ್ಲಿ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿ ಮುಟ್ಟಿತು. ಹಳ್ಳಿಗಳು ಬಹುಕಾಲ ಕಾದವು. 1957ರಲ್ಲಿ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿದ ಮೇಲೆ ಊರೂರಿಗೆ ಕಂಬ ಬಂದವು. ಗುಂಡಿ ತೋಡಲು, ತಂತಿ ಎಳೆಯಲು ಮಜ್ದೂರನಾಗಿ ಸೇರಿದವನು ಹಿರಿಯರ ಕೈಕೆಳಗೆ ಪಳಗಿ ಸಹಾಯಕ ಲೈನ್‌ಮನ್, ಮುಂದೆ ಲೈನ್‌ಮನ್ ಆಗುತ್ತಿದ್ದ. ಬರೆದಿಡದ ಗುರುಕುಲವದು.

ಅದಕ್ಕೆ ಕಾಗದದ ರೂಪ ಕೊಟ್ಟದ್ದು 1961ರ ಅಪ್ರೆಂಟಿಸ್ ಕಾಯ್ದೆ. ಕನ್ನಡದ ಕಡತಗಳಲ್ಲಿ ಅಪ್ರೆಂಟಿಸ್ ಎಂದರೆ ಶಿಶಿಕ್ಷು, ಕಲಿಯಲು ಹಂಬಲಿಸುವವನು. ಎಷ್ಟು ಚಂದದ ಹೆಸರು! ಆದರೆ ಕಲಿಸಿದವರು ಕೆಲಸ ಕೊಡಲೇಬೇಕು ಎಂದು ಕಾಯ್ದೆ ಹೇಳಲಿಲ್ಲ. ಅಲ್ಲಿಂದಲೇ ಜಗಳ ಶುರು.

ಆ ಜಗಳ ಉತ್ತರ ಪ್ರದೇಶದ ಸಾರಿಗೆ ನಿಗಮದ ಶಿಶಿಕ್ಷುಗಳಿಂದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 1995ರ ತೀರ್ಪು ಬಸ್ಸಿನ ಹುಡುಗರದ್ದಾದರೂ ಕಂಬದ ಹುಡುಗರಿಗೂ ದಾರಿದೀಪ. ಉಳಿದೆಲ್ಲ ಅರ್ಹತೆ ಸಮನಿದ್ದರೆ ತರಬೇತಿ ಪಡೆದವನಿಗೇ ಆದ್ಯತೆ ಸಿಗಬೇಕು, ಮೊದಲು ಕಲಿತವನು ಹಿರಿಯನೆನಿಸಬೇಕು ಎಂದಿತು ನ್ಯಾಯಾಲಯ. 2014ರ ತಿದ್ದುಪಡಿ ಬಂದಾಗ, ತರಬೇತಿ ಮುಗಿಸಿದವರ ನೇಮಕಕ್ಕೆ ಪ್ರತಿ ಮಾಲೀಕನೂ ತನ್ನದೇ ನೀತಿ ರೂಪಿಸಬೇಕು ಎಂದಾಯಿತು.

ಈ ನಡುವೆ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ ಆಯಿತು. 2002ರಲ್ಲಿ ನಮ್ಮ ಭಾಗಕ್ಕೆ ಹೆಸ್ಕಾಂ ಬಂತು. ಲೈನ್‌ಮನ್ ಹೋಗಿ ಪವರ್‌ಮ್ಯಾನ್ ಆದ. 2024ರಲ್ಲಿ ಕಿರಿಯ ಸ್ಟೇಷನ್ ಪರಿಚಾರಕ, ಕಿರಿಯ ಪವರ್‌ಮ್ಯಾನ್ ಸೇರಿ 2,975 ಹುದ್ದೆಗೆ ಅರ್ಜಿ ಕರೆದರು. ಅಲ್ಲಿ ಎಂಟು ಮೀಟರ್ ಕಂಬ ಹತ್ತಲೇಬೇಕು. ಓಟ, ಸ್ಕಿಪ್ಪಿಂಗ್, ಗುಂಡು ಎಸೆತವೂ ಪರೀಕ್ಷೆಯಲ್ಲಿವೆ. ಇದರಲ್ಲಿ ಪಾಸಾದವರ ಆಯ್ಕೆ ನಡೆಯುವುದು ಎಸ್ಸೆಸ್ಸೆಲ್ಸಿ ಅಂಕದ ಮೇಲೆ. ಐಟಿಐನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಕಲಿತು, ಮತ್ತೊಂದು ವರ್ಷ ಅಪ್ರೆಂಟಿಸ್ ಆಗಿ ದುಡಿದವನ ಅನುಭವ ಆ ಲೆಕ್ಕಕ್ಕೆ ಬರುವುದಿಲ್ಲ. ಹದಿನಾರನೇ ವಯಸ್ಸಿನಲ್ಲಿ ಗಣಿತದಲ್ಲಿ ಕಳೆದುಕೊಂಡ ಅಂಕ, ಜೀವಮಾನವಿಡೀ ಅವನ ಬೆನ್ನು ಬಿಡುವುದಿಲ್ಲ. ಇದು ನನಗೆ ಸಂಕಟದ ಮಾತು.

ಹುಡುಗ ಕಂಬ ಹತ್ತಿದ ಅದೇ ನಾಗಾವಿಯ ಗ್ರಾಮೀಣಾಭಿವೃದ್ಧಿ ವಿಶ್ವವಿದ್ಯಾಲಯದ ಆವರಣದಲ್ಲಿ ಗಾಂಧೀಜಿಯ ಸಾಬರಮತಿ ಆಶ್ರಮದ ಪ್ರತಿಕೃತಿ ನಿಂತಿದೆ. ಕೈಕೆಲಸದ ಮೂಲಕವೇ ಶಿಕ್ಷಣ ಎಂಬ ನಯೀ ತಾಲೀಮನ್ನು ಗಾಂಧೀಜಿ 1937ರಲ್ಲಿ ದೇಶದ ಮುಂದಿಟ್ಟರು. ಬದುವಿನ ಮೇಲೆ ನಿಂತ ಆ ಕಾಕಾ ಅದನ್ನೇ ಮಾಡುತ್ತಿದ್ದರು.

ಈ ಸೀಮೆಯಲ್ಲಿ ಕೆಲಸಕ್ಕೆ ಬರವಿಲ್ಲ. ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ತಿರುಗುತ್ತಿವೆ, ಹೊಲಹೊಲಕ್ಕೂ ಪಂಪ್‌ಸೆಟ್ ಇದೆ. ಆದ್ದರಿಂದ ಗದಗ, ಶಿರಹಟ್ಟಿ, ಮುಂಡರಗಿಯ ಹುಡುಗ ಹುಡುಗಿಯರಲ್ಲಿ ಒಂದು ಮಾತು: ಹತ್ತನೆಯ ತರಗತಿಯ ಅಂಕವನ್ನು ಹಗುರವಾಗಿ ಕಾಣಬೇಡಿ, ಐಟಿಐ ಮುಗಿದಕೂಡಲೇ ಕೇಂದ್ರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ವಿದ್ಯುತ್ ಕಂಪನಿಗಳಲ್ಲಿ ಇನ್ನೊಂದು ಕೋರಿಕೆ: ಮುಂದಿನ ಅಧಿಸೂಚನೆಯಲ್ಲಿ ತರಬೇತಿಯ ವರ್ಷಕ್ಕೂ ಅಂಕ ಕೊಡಿ. ಎಲ್‌ಸಿ ಇಲ್ಲದೆ ಕಂಬ ಹತ್ತಬಾರದು ಎಂಬುದನ್ನು ಮಾರ್ಕ್ಸ್ ಕಾರ್ಡ್ ಕಲಿಸುವುದಿಲ್ಲ.