ದಾಖಲೆ ಇಲ್ಲದವರ ಬೆನ್ನಿಗೆ ನಿಂತವರು

ಎಳೆಯ ವಯಸ್ಸಿನಲ್ಲೇ ತಂದೆತಾಯಿಯರ ಜೊತೆ ಅಮೆರಿಕಕ್ಕೆ ಬಂದು, ಅಲ್ಲಿಯೇ ಓದಿ ಬೆಳೆದು, ಆದರೂ ಅಲ್ಲಿ ವಾಸಿಸಲು ಸರ್ಕಾರದ ಅನುಮತಿಪತ್ರವಿಲ್ಲದ ಮಕ್ಕಳನ್ನೂ ತರುಣರನ್ನೂ ದಾಖಲೆರಹಿತ ವಲಸಿಗ ಯುವಜನರೆಂದು ಕರೆಯುವುದು ವಾಡಿಕೆ. ಇವರಲ್ಲಿ ಕೆಲವರು ತಪಾಸಣೆಯಿಲ್ಲದೆ ಗಡಿ ದಾಟಿದ ಕುಟುಂಬಗಳಿಗೆ ಸೇರಿದವರಾದರೆ, ಇನ್ನು ಕೆಲವರ ಹಿರಿಯರು ಪ್ರವಾಸಿ ವೀಸಾದಂಥ ಸಕ್ರಮ ಪತ್ರದ ಮೇಲೆ ಬಂದು, ಅವಧಿ ಮುಗಿದ ಬಳಿಕವೂ ಉಳಿದುಕೊಂಡವರು. ಮತದಾನದ ಹಕ್ಕಿಲ್ಲದ, ಹಣಬಲವಿಲ್ಲದ, ಬೀದಿಗಿಳಿದರೆ ಗಡೀಪಾರಿನ ಭಯವಿರುವ ಈ ಸಮುದಾಯ ಎರಡೂವರೆ ದಶಕಗಳಲ್ಲಿ ಅಮೆರಿಕದ ರಾಜಕಾರಣದ ಮುನ್ನೆಲೆಗೆ ಬಂದದ್ದು ಹೇಗೆ, ಬಹುಸಂಖ್ಯಾತ ನಾಗರಿಕರ ಒಪ್ಪಿಗೆಯನ್ನು ಗಳಿಸಿಯೂ ಶಾಶ್ವತ ಕಾನೂನೊಂದನ್ನು ಪಡೆಯಲಾರದೆ ಹೋದದ್ದು ಏಕೆ ಎಂಬ ಎರಡು ಪ್ರಶ್ನೆಗಳನ್ನು ಜೊತೆಯಲ್ಲಿಟ್ಟೇ ನೋಡಬೇಕಾಗುತ್ತದೆ.

ಈ ತರುಣರ ಬದುಕಿಗೆ ಇಂದಿನ ರೂಪವನ್ನು ಕೊಟ್ಟದ್ದು 1982ರ ಜೂನ್ 15ರಂದು ಹೊರಬಿದ್ದ ಸುಪ್ರೀಂ ಕೋರ್ಟಿನ ತೀರ್ಪು. ದಾಖಲೆಯಿಲ್ಲದ ಮಕ್ಕಳ ಶಿಕ್ಷಣಕ್ಕೆ ರಾಜ್ಯದ ಹಣ ಕೊಡಬೇಕಿಲ್ಲವೆಂದು ಟೆಕ್ಸಾಸ್ ರಾಜ್ಯ 1975ರಲ್ಲಿ ಕಾನೂನು ಮಾಡಿತ್ತು. ಅದನ್ನು ಆಧರಿಸಿ ಟೈಲರ್ ಎಂಬ ಊರಿನ ಶಾಲಾ ಆಡಳಿತವು ಅಂಥ ಪ್ರತಿ ಮಗುವಿನಿಂದ ವರ್ಷಕ್ಕೆ 1000 ಡಾಲರ್ ಶುಲ್ಕ ಕೇಳಿತ್ತು. 'ಪ್ಲೈಲರ್ ವಿರುದ್ಧ ಡೋ' ಎಂದು ಹೆಸರಾದ ಈ ಮೊಕದ್ದಮೆಯಲ್ಲಿ ನ್ಯಾಯಾಲಯವು 5–4ರ ಬಹುಮತದಿಂದ ಆ ಕಾನೂನನ್ನು ತಳ್ಳಿಹಾಕಿ, ಸಂವಿಧಾನ ಕೊಡುವ ಸಮಾನ ರಕ್ಷಣೆ ನಾಗರಿಕರಲ್ಲದ ಮಕ್ಕಳಿಗೂ ಅನ್ವಯಿಸುತ್ತದೆಂದು ಹೇಳಿತು. ಆದರೆ ತೀರ್ಪಿನ ರಕ್ಷಣೆ ಪ್ರೌಢಶಾಲೆಯ ಕೊನೆಯ ತರಗತಿಗೆ ಮುಗಿಯುತ್ತದೆ. ಅಲ್ಲಿಯವರೆಗೆ ಸಹಪಾಠಿಗಳಿಗಿಂತ ತಾನು ಬೇರೆಯೆಂದು ಅರಿಯದೆಯೇ ಬೆಳೆದಿರಬಹುದಾದ ಹುಡುಗನಿಗೋ ಹುಡುಗಿಗೋ ಹದಿನೆಂಟರ ಆಸುಪಾಸಿನಲ್ಲಿ ಕಾಲೇಜಿನ ಫೆಡರಲ್ ಧನಸಹಾಯ, ಸಕ್ರಮ ಉದ್ಯೋಗ, ಅನೇಕ ರಾಜ್ಯಗಳಲ್ಲಿ ವಾಹನ ಚಾಲನೆಯ ಪರವಾನಗಿ ಕೂಡ ಒಂದೊಂದಾಗಿ ನಿರಾಕರಣೆಯಾಗುತ್ತ ಹೋಗುತ್ತವೆ. ಒಂದೇ ದೇಶದ ಕಾನೂನು ಹನ್ನೆರಡು ವರ್ಷ ಓದಿಸಿ ಹದಿಮೂರನೆಯ ವರ್ಷ ಬಾಗಿಲು ಮುಚ್ಚುವ ಈ ವಿರೋಧಾಭಾಸವೇ ಚಳವಳಿಯ ಬೀಜ.

ಆ ಬಾಗಿಲನ್ನು ತೆರೆಯುವ ಮೊದಲ ಗಂಭೀರ ಯತ್ನ 2001ರ ಆಗಸ್ಟಿನಲ್ಲಿ ನಡೆಯಿತು. ಇಲಿನಾಯ್ ರಾಜ್ಯದ ಡೆಮಾಕ್ರಟಿಕ್ ಸೆನೆಟರ್ ಡಿಕ್ ಡರ್ಬಿನ್ ಮತ್ತು ಯೂಟಾ ರಾಜ್ಯದ ರಿಪಬ್ಲಿಕನ್ ಸೆನೆಟರ್ ಆರಿನ್ ಹ್ಯಾಚ್ ಸೇರಿ, ಬಾಲ್ಯದಲ್ಲಿ ಬಂದು ಓದು ಮುಗಿಸಿದವರಿಗೆ ಕಾಯಂ ವಾಸದ ಹಕ್ಕು ಕೊಡುವ 'ಡ್ರೀಮ್ ಆಕ್ಟ್' ಎಂಬ ಮಸೂದೆಯನ್ನು ಮಂಡಿಸಿದರು. ಈ ತರುಣರಿಗೆ 'ಡ್ರೀಮರ್' ಎಂಬ ಹೆಸರು ಅಂಟಿಕೊಂಡದ್ದು ಅದರಿಂದಲೇ. ಷಿಕಾಗೋದಲ್ಲಿ ಬೆಳೆದ, ಕೊರಿಯನ್ ದಂಪತಿಯ ಮಗಳಾದ ಪಿಯಾನೋ ವಾದಕಿ ತೆರೇಸಾ ಲೀ ಅವರು ಸಂಗೀತ ಶಾಲೆಗಳಿಗೆ ಅರ್ಜಿ ಹಾಕುವಾಗ ಎದುರಿಸಿದ ಸಂಕಟ ಡರ್ಬಿನ್ ಅವರ ಕಚೇರಿಯನ್ನು ತಲುಪಿದ್ದೇ ಈ ಮಸೂದೆಗೆ ಪ್ರೇರಣೆ. ಸೆನೆಟ್ ಸಮಿತಿಯ ವಿಚಾರಣೆ ಸೆಪ್ಟೆಂಬರ್ 12ಕ್ಕೆ ನಿಗದಿಯಾಗಿತ್ತು. ಹಿಂದಿನ ದಿನ ನ್ಯೂಯಾರ್ಕ್ ಮತ್ತು ವಾಷಿಂಗ್ಟನ್ನಿನ ಮೇಲೆ ದಾಳಿ ನಡೆದು, ವಲಸೆಯ ಪ್ರಶ್ನೆಯೇ ದೇಶದ ಭದ್ರತೆಯ ಪ್ರಶ್ನೆಯಾಗಿ ಮಾರ್ಪಟ್ಟಿತು.

ಮುಂದಿನ ವರ್ಷಗಳಲ್ಲಿ ಬೆಂಬಲಿಗ ಸಂಸ್ಥೆಗಳು ರೂಪಿಸಿದ ಪ್ರಚಾರತಂತ್ರಕ್ಕೆ ಒಂದು ನಿರ್ದಿಷ್ಟ ಮುಖವಿತ್ತು. ತರಗತಿಗೆ ಮೊದಲಿಗರಾಗಿ ಬಂದವರನ್ನು, ಸೈನ್ಯ ಸೇರಬಯಸುವವರನ್ನು, ಪದವಿ ಪ್ರದಾನದ ಗೌನು ಮತ್ತು ಟೋಪಿ ಧರಿಸಿದವರನ್ನು ಜನರ ಮುಂದೆ ನಿಲ್ಲಿಸಿ, ಇವರು ತಮ್ಮದಲ್ಲದ ತಪ್ಪಿಗಾಗಿ ಶಿಕ್ಷೆ ಅನುಭವಿಸುತ್ತಿದ್ದಾರೆಂದು ಹೇಳುವುದು ಅದರ ತಿರುಳು. ವಲಸೆಯನ್ನು ಒಟ್ಟಾರೆಯಾಗಿ ವಿರೋಧಿಸುವ ಮನೆಗಳಲ್ಲಿಯೂ ಈ ಮಾತಿಗೆ ಕಿವಿಗೊಡುವವರಿದ್ದರು. ಆ ಮಟ್ಟಿಗೆ ತಂತ್ರ ಫಲಿಸಿತು. ಆದರೆ ತಪ್ಪು ಮಕ್ಕಳದ್ದಲ್ಲವೆಂದು ಸಾರಿದಾಗ ಅದು ಹೆತ್ತವರದ್ದೆಂದು ತಾನಾಗಿಯೇ ಒಪ್ಪಿಕೊಂಡಂತಾಗುತ್ತದೆ. ಓದಿನಲ್ಲಿ ಹಿಂದುಳಿದ, ಶಾಲೆ ಬಿಟ್ಟು ಹೋಟೆಲಿನಲ್ಲೋ ತೋಟದಲ್ಲೋ ದುಡಿಯುವ ಮಕ್ಕಳಿಗೆ ಆ ಚಿತ್ರದಲ್ಲಿ ಜಾಗವೇ ಇರಲಿಲ್ಲ. ಈ ಬಿಕ್ಕಟ್ಟನ್ನು ಮೊದಲು ಗುರುತಿಸಿದವರು ಹೊರಗಿನ ಟೀಕಾಕಾರರಲ್ಲ, ಅದೇ ತರುಣರು. ತಮ್ಮ ತಾಯ್ತಂದೆಯರನ್ನು ಒತ್ತೆಯಿಟ್ಟು ತಮಗೆ ಬಿಡುಗಡೆ ಬೇಡವೆಂದು ಅವರಲ್ಲಿ ಅನೇಕರು ಬಹಿರಂಗವಾಗಿಯೇ ಹೇಳತೊಡಗಿದರು. ಸಹಾನುಭೂತಿಯನ್ನು ಬೇಗ ಗಳಿಸಿಕೊಡುವ ಕಥನವು ಯಾರನ್ನು ಹೊರಗಿಡುತ್ತದೆ ಎಂಬ ಪ್ರಶ್ನೆ ಪ್ರತಿಯೊಂದು ಹಕ್ಕಿನ ಹೋರಾಟಕ್ಕೂ ಎದುರಾಗುತ್ತದೆಯಾದರೂ, ಇಲ್ಲಿ ಅದು ಮನೆಯೊಳಗಿನ ಪ್ರಶ್ನೆಯಾಗಿತ್ತು.

2010 ನಿರ್ಣಾಯಕ ವರ್ಷ. ಜನವರಿ 1ರಂದು ನಾಲ್ವರು ವಿದ್ಯಾರ್ಥಿಗಳು ಫ್ಲಾರಿಡಾದ ಮಯಾಮಿಯಿಂದ ವಾಷಿಂಗ್ಟನ್ನಿಗೆ ಸುಮಾರು 1500 ಮೈಲಿಗಳ ಪಾದಯಾತ್ರೆ ಹೊರಟರು. ಮಾರ್ಚ್ 10ರಂದು ಷಿಕಾಗೋದಲ್ಲಿ ಹಲವು ತರುಣರು ಸಾರ್ವಜನಿಕ ವೇದಿಕೆ ಹತ್ತಿ, ತಾವು ದಾಖಲೆಯಿಲ್ಲದವರೆಂದೂ ಅದಕ್ಕಾಗಿ ಅಂಜುವವರಲ್ಲವೆಂದೂ ತಮ್ಮ ಹೆಸರು ಹೇಳಿ ಘೋಷಿಸಿಕೊಂಡರು. ಅಡಗಿಸಿಟ್ಟ ಗುರುತನ್ನು ತಾವೇ ಬಯಲಿಗೆ ತರುವ ಈ ಮಾದರಿಯನ್ನು ಅವರು ಸಲಿಂಗಿಗಳ ಹಕ್ಕಿನ ಹೋರಾಟದಿಂದ ಪಡೆದಿದ್ದರು. ಎರಡೂ ಚಳವಳಿಗಳಲ್ಲಿ ಕಾಲಿಟ್ಟಿದ್ದ ಅನೇಕರು ಅವರ ನಡುವೆಯೇ ಇದ್ದುದರಿಂದ ಅದು ಕೇವಲ ಅನುಕರಣೆಯಾಗಿರಲಿಲ್ಲ. ಮೇ 17ರಂದು, ಶಾಲೆಗಳಲ್ಲಿ ವರ್ಣಭೇದವನ್ನು ರದ್ದುಪಡಿಸಿದ 1954ರ ತೀರ್ಪಿನ ವಾರ್ಷಿಕ ದಿನದಂದೇ, ಅರಿಜೋನಾದ ಟೂಸಾನಿನಲ್ಲಿ ಸೆನೆಟರ್ ಜಾನ್ ಮೆಕೇನ್ ಅವರ ಕಚೇರಿಯಲ್ಲಿ ಧರಣಿ ಕುಳಿತವರಲ್ಲಿ ಬಂಧನವಾದರೆ ಗಡೀಪಾರಿಗೂ ಗುರಿಯಾಗಬಹುದಾದವರಿದ್ದರು.

ಅಪಾಯವನ್ನು ಮೈಮೇಲೆಳೆದುಕೊಳ್ಳುವಂತೆ ಕಾಣುವ ಈ ನಡೆಯ ಹಿಂದೆ ಒಂದು ಲೆಕ್ಕಾಚಾರವಿತ್ತು. ಯಾರಿಗೂ ಗೊತ್ತಿಲ್ಲದವನನ್ನು ಸದ್ದಿಲ್ಲದೆ ಗಡೀಪಾರು ಮಾಡಬಹುದು. ಊರಿಗೆಲ್ಲ ಪರಿಚಿತನಾದವನ ಬಂಧನವಾದೊಡನೆ ಸಹಿ ಸಂಗ್ರಹ, ಅಧಿಕಾರಿಗಳಿಗೆ ನೂರಾರು ದೂರವಾಣಿ ಕರೆ, ಪತ್ರಿಕಾಗೋಷ್ಠಿ, ಶಾಸಕರ ಪತ್ರ ಇವೆಲ್ಲ ಒಂದರ ಹಿಂದೊಂದು ಹೊರಡುತ್ತವೆ. ಬಹಿರಂಗವಾಗುವುದೇ ರಕ್ಷಣೆಯಾಗುವ ಈ ವ್ಯವಸ್ಥೆ ನಡೆಯಬೇಕಾದರೆ ಸಹಿ ಹಾಕುವ, ಕರೆ ಮಾಡುವ, ಅಗತ್ಯವಾದರೆ ಠಾಣೆಯ ಮುಂದೆ ನಿಲ್ಲುವ ನಾಗರಿಕರು ಮೊದಲೇ ಸಿದ್ಧರಿರಬೇಕು. ಸಹಾನುಭೂತಿ ತೋರುವವನಿಗೂ ಒತ್ತಾಸೆಯಾಗಿ ನಿಲ್ಲುವವನಿಗೂ ಇರುವ ವ್ಯತ್ಯಾಸ ಸ್ಪಷ್ಟವಾಗುವುದು ಇಲ್ಲಿಯೇ: ತನಗೇನೂ ತಟ್ಟದ ವಿಷಯಕ್ಕಾಗಿ ತನ್ನ ಮತ, ಹಣ, ಹುದ್ದೆ ಅಥವಾ ಹೆಸರಿನಲ್ಲಿ ಒಂದಿಷ್ಟನ್ನು ಪಣಕ್ಕಿಡುವವನು ಎರಡನೆಯವನು.

ಹಾಗೆ ಪಣಕ್ಕಿಟ್ಟವರೆಲ್ಲ ಒಂದೇ ಕಾರಣಕ್ಕೆ ಬಂದವರಲ್ಲ. ಮಧ್ಯ ಅಮೆರಿಕದ ಯುದ್ಧಗಳಿಂದ ಓಡಿಬಂದವರಿಗೆ ಆಶ್ರಯ ಕೊಡುವುದಾಗಿ 1982ರ ಮಾರ್ಚಿನಲ್ಲಿ ಟೂಸಾನಿನ ಸೌತ್‌ಸೈಡ್ ಪ್ರೆಸ್ಬಿಟೇರಿಯನ್ ಚರ್ಚು ಘೋಷಿಸಿದಂದಿನಿಂದ ಹಲವು ಚರ್ಚುಗಳಿಗೆ ಇದು ಧರ್ಮದ ಪ್ರಶ್ನೆ. ಕಾರ್ಮಿಕ ಸಂಘಟನೆಗಳ ದಾರಿ ಬೇರೆ. ಅನುಮತಿಯಿಲ್ಲದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಮಾಲೀಕರಿಗೆ ದಂಡ ವಿಧಿಸುವ 1986ರ ಕಾನೂನಿನ ಆ ಭಾಗವನ್ನು ಬೆಂಬಲಿಸಿದ್ದ ಎಎಫ್ಎಲ್-ಸಿಐಒ ಒಕ್ಕೂಟವು, ಸಂಘ ಕಟ್ಟಲು ಹೊರಟ ಕಾರ್ಮಿಕರನ್ನು ಬೆದರಿಸಲು ಮಾಲೀಕರು ಅದೇ ಕಾನೂನನ್ನು ಬಳಸುತ್ತಿರುವುದನ್ನು ಕಂಡು, 2000ದ ಫೆಬ್ರವರಿಯಲ್ಲಿ ತನ್ನ ನಿಲುವನ್ನು ತಲೆಕೆಳಗು ಮಾಡಿ ದಾಖಲೆರಹಿತರ ಸಕ್ರಮೀಕರಣಕ್ಕೆ ದನಿಗೂಡಿಸಿತು. ಇಲ್ಲಿ ಕೆಲಸ ಮಾಡಿದ್ದು ಕರುಣೆಗಿಂತ ಹೆಚ್ಚಾಗಿ ಹಿತಾಸಕ್ತಿ. ಹಾಗಾಗಿಯೇ ಅದು ಹೆಚ್ಚು ಬಾಳಿಕೆ ಬಂದಿತೆನ್ನಬಹುದು. ಪತ್ರಿಕೆಗಳೂ ನಿಧಾನವಾಗಿ ಬದಲಾದವು. ಪುಲಿಟ್ಜರ್ ಪ್ರಶಸ್ತಿ ಪಡೆದ ತಂಡದಲ್ಲಿದ್ದ ಪತ್ರಕರ್ತ ಹೋಸೆ ಆಂಟೋನಿಯೋ ವಾರ್ಗಾಸ್ ತಾವೂ ದಾಖಲೆಯಿಲ್ಲದವರೆಂದು 2011ರಲ್ಲಿ ಬರೆದುಕೊಂಡರು. 2013ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯು ಮನುಷ್ಯರನ್ನು 'ಅಕ್ರಮ ವಲಸಿಗ' ಎಂದು ಕರೆಯುವುದನ್ನು ಬಿಟ್ಟಿತು.

ಶಾಲಾ ಕಾಲೇಜುಗಳ ಒತ್ತಾಸೆ ಹೆಚ್ಚು ಸದ್ದುಮಾಡದ್ದು. ವಿಶ್ವವಿದ್ಯಾಲಯಗಳಲ್ಲಿ ಶಿಕ್ಷಕರಿಗೂ ಸಿಬ್ಬಂದಿಗೂ ನಡೆಯುವ ತರಬೇತಿಗಳಲ್ಲಿ ಕಲಿಸುವ ಸಂಗತಿಗಳು ಬಹಳ ಸರಳವಾದವು: ವಿದ್ಯಾರ್ಥಿಯ ಸ್ಥಿತಿಯನ್ನು ಕೆದಕಿ ಕೇಳಬಾರದು, ತಾನಾಗಿ ಹೇಳಿದರೆ ಅದನ್ನು ಮಿಂಚಂಚೆಯಲ್ಲೋ ಕಡತದಲ್ಲೋ ಬರೆದಿಡಬಾರದು, ಫೆಡರಲ್ ನೆರವಿಲ್ಲದವರಿಗೆ ತೆರೆದಿರುವ ವಿದ್ಯಾರ್ಥಿವೇತನಗಳು ಯಾವುವೆಂದು ತಿಳಿದಿರಬೇಕು, ತಿಳಿಯದ ಕಾನೂನು ಸಲಹೆಯನ್ನು ಕೊಡಲು ಹೋಗದೆ ವಕೀಲರ ಬಳಿಗೆ ಕಳಿಸಬೇಕು. ತರಬೇತಿ ಪಡೆದವರು ಕೋಣೆಯ ಬಾಗಿಲಿಗೆ ಒಂದು ಗುರುತಿನ ಚೀಟಿ ಅಂಟಿಸಿಕೊಳ್ಳುವ ಪದ್ಧತಿ ಹಲವೆಡೆ ಇದೆ.

ಧರಣಿಗಳ ವರ್ಷವಾದ 2010ರ ಕೊನೆಯಲ್ಲಿ ಡ್ರೀಮ್ ಆಕ್ಟ್ ಮಸೂದೆ ಪ್ರತಿನಿಧಿ ಸಭೆಯಲ್ಲಿ 216–198ರಿಂದ ಗೆದ್ದು, ಡಿಸೆಂಬರ್ 18ರಂದು ಸೆನೆಟ್ಟಿನಲ್ಲಿ 55–41ರಿಂದ ಸೋತಿತು. ಬಹುಮತ ಪಡೆದೂ ಸೋತದ್ದಕ್ಕೆ ಕಾರಣ, ಚರ್ಚೆ ಮುಗಿಸಿ ಮಸೂದೆಯನ್ನು ಅಂತಿಮ ಮತಕ್ಕೆ ಹಾಕಲು ನೂರರಲ್ಲಿ ಅರವತ್ತು ಸದಸ್ಯರ ಸಮ್ಮತಿ ಬೇಕೆಂಬ ಸೆನೆಟ್ಟಿನ ನಿಯಮ. ಐವರು ಡೆಮಾಕ್ರಟರು ವಿರುದ್ಧ ನಿಂತರು. ಒಂಬತ್ತು ವರ್ಷಗಳ ಹಿಂದೆ ಮಸೂದೆ ಮಂಡಿಸಿದ್ದ ಹ್ಯಾಚ್ ಅಂದು ಮತವನ್ನೇ ಹಾಕಲಿಲ್ಲ. ಆ ಬಳಿಕ ತರುಣರು ತಮ್ಮ ಒತ್ತಡವನ್ನು ಮಿತ್ರರೆಂದೇ ತಿಳಿಯಲಾಗಿದ್ದ ಅಧ್ಯಕ್ಷ ಒಬಾಮರ ಕಡೆಗೆ ತಿರುಗಿಸಿದರು. ಫಲವಾಗಿ 2012ರ ಜೂನ್ 15ರಂದು, ಪ್ಲೈಲರ್ ತೀರ್ಪಿನ ಮೂವತ್ತನೆಯ ವರ್ಷ ತುಂಬಿದ ದಿನವೇ, 'ಡಾಕಾ' ಎಂಬ ಆಡಳಿತಾತ್ಮಕ ಕ್ರಮ ಘೋಷಣೆಯಾಗಿ, ಹದಿನಾರು ತುಂಬುವ ಮೊದಲೇ ಬಂದವರಿಗೆ ಕೆಲವು ಷರತ್ತುಗಳ ಮೇಲೆ ಎರಡೆರಡು ವರ್ಷಕ್ಕೆ ಗಡೀಪಾರಿನಿಂದ ವಿನಾಯಿತಿಯನ್ನೂ ಕೆಲಸದ ಅನುಮತಿಯನ್ನೂ ಕೊಟ್ಟಿತು. ಎಂಟು ಲಕ್ಷಕ್ಕೂ ಮಿಕ್ಕಿದ ಜನ ಇದರ ಪ್ರಯೋಜನ ಪಡೆದಿದ್ದಾರೆ. ಆದರೆ ಅದು ಕಾನೂನಲ್ಲ, ಪೌರತ್ವದ ದಾರಿಯೂ ಅಲ್ಲ. 2017ರ ಸೆಪ್ಟೆಂಬರಿನಲ್ಲಿ ಟ್ರಂಪ್ ಸರ್ಕಾರ ಅದನ್ನು ರದ್ದುಗೊಳಿಸಲು ಹೊರಟಾಗ ನ್ಯಾಯಾಲಯಕ್ಕೆ ಹೋದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೂ ಒಂದು. ಅದರ ಅಂದಿನ ಮುಖ್ಯಸ್ಥೆ ಜಾನೆಟ್ ನಪೊಲಿಟಾನೋ ಅವರೇ 2012ರಲ್ಲಿ ಒಬಾಮ ಸಂಪುಟದ ಸಚಿವೆಯಾಗಿ ಡಾಕಾ ಆದೇಶಕ್ಕೆ ಸಹಿ ಹಾಕಿದ್ದವರು. ಮೈಕ್ರೋಸಾಫ್ಟ್ ಕಂಪನಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜೊತೆ ಇನ್ನೊಂದು ಮೊಕದ್ದಮೆಯ ವಾದಿಯಾಯಿತು. 2020ರ ಜೂನ್ 18ರಂದು ಸುಪ್ರೀಂ ಕೋರ್ಟು 5–4ರಿಂದ, ರದ್ದುಪಡಿಸಿದ ವಿಧಾನ ಸರಿಯಲ್ಲವೆಂಬಷ್ಟೇ ಕಾರಣಕ್ಕೆ, ಡಾಕಾವನ್ನು ಉಳಿಸಿತು.

ಅದೇ ತಿಂಗಳು ಪ್ರಕಟವಾದ ಪ್ಯೂ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ, ಬಾಲ್ಯದಲ್ಲಿ ಬಂದವರಿಗೆ ಕಾಯಂ ಸ್ಥಾನ ಕೊಡುವುದನ್ನು ಒಪ್ಪಿದವರು ಶೇ. 74. ಇಷ್ಟು ಒಮ್ಮತವಿರುವ ವಿಷಯ ಅಮೆರಿಕದ ರಾಜಕಾರಣದಲ್ಲಿ ವಿರಳ, ಆದರೂ ಕಾನೂನಾಗಲಿಲ್ಲ. ಒಪ್ಪುವವರಲ್ಲಿ ಹೆಚ್ಚಿನವರಿಗೆ ಇದು ಮತ ಹಾಕುವಾಗ ನೆನಪಾಗುವ ಹತ್ತನೆಯ ವಿಷಯವಾಗಿದ್ದರೆ, ಒಪ್ಪದ ಅಲ್ಪಸಂಖ್ಯಾತರಿಗೆ ಮೊದಲನೆಯದು. ಅಲ್ಲದೆ ಎಲ್ಲರಿಗೂ ಬೇಕಾದದ್ದೇ ಚೌಕಾಸಿಯ ಸರಕೂ ಆಗುತ್ತದೆ: 2018ರಲ್ಲಿ ಡ್ರೀಮರ್‌ಗಳ ಭವಿಷ್ಯವನ್ನು ಗಡಿಗೋಡೆಯ ಹಣಕ್ಕೂ ಕುಟುಂಬ ವಲಸೆಯ ಕಡಿತಕ್ಕೂ ಗಂಟುಹಾಕಿದ ಮಾತುಕತೆ ನಡೆದು, ಉಭಯಪಕ್ಷಗಳ ರಾಜಿ ಮಸೂದೆ ಸೆನೆಟ್ಟಿನಲ್ಲಿ 54–45ರಲ್ಲಿ ನಿಂತುಹೋಯಿತು.

ಈ ಕಥೆ ಕನ್ನಡಿಗರ ಮನೆಗಳಿಗೆ ತಾಗುವುದು ಇನ್ನೊಂದು ಬದಿಯಿಂದ. ಎಚ್-1ಬಿ ವೀಸಾದ ಮೇಲೆ ಬೆಂಗಳೂರಿನಿಂದ ಹೋದ ತಂತ್ರಜ್ಞರ ಮಕ್ಕಳು ಅವಲಂಬಿತರ ವೀಸಾದಲ್ಲಿ ಬೆಳೆಯುತ್ತಾರೆ. ಯಾವುದೇ ಒಂದು ದೇಶಕ್ಕೆ ಶೇ. 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲವೆಂಬ ಮಿತಿಯಿಂದಾಗಿ ತಂದೆತಾಯಿಯರ ಸರದಿ ದಶಕಗಳಷ್ಟು ಹಿಂದೆ ಬಿದ್ದಿರುತ್ತದೆ; ಅಷ್ಟರಲ್ಲಿ ಇಪ್ಪತ್ತೊಂದು ತುಂಬಿದ ಮಗ ಅಥವಾ ಮಗಳು ಬೇರೆ ವೀಸಾ ಹುಡುಕಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. 2012ರ ಜೂನ್ 15ರಂದು ಸಕ್ರಮ ಸ್ಥಾನವಿದ್ದವರಿಗೆ ಡಾಕಾ ಅನ್ವಯಿಸದ ಕಾರಣ ಇವರು ಅದರಿಂದಲೂ ಹೊರಗೆ. 'ದಾಖಲೆಯುಳ್ಳ ಡ್ರೀಮರ್‌ಗಳು' ಎಂದು ತಮ್ಮನ್ನು ಕರೆದುಕೊಂಡು ಇವರು ಕಟ್ಟಿದ ಸಂಘಟನೆಯ ಯತ್ನದಿಂದ 2021ರಲ್ಲಿ 'ಅಮೆರಿಕಾಸ್ ಚಿಲ್ಡ್ರನ್ ಆಕ್ಟ್' ಮಂಡನೆಯಾದರೂ ಅಂಗೀಕಾರವಾಗಿಲ್ಲ. ಎರಡು ಗುಂಪುಗಳ ಮಕ್ಕಳ ಸಂಕಟ ಒಂದೇ ಬಗೆಯದಾದರೂ, ಸಾಲಿನಲ್ಲಿ ನಿಂತು ಬಂದ ತಮ್ಮನ್ನು ಸಾಲು ತಪ್ಪಿಸಿ ಬಂದವರ ಜೊತೆ ಸೇರಿಸಬೇಡಿ ಎಂಬ ಮಾತು ಭಾರತೀಯ ಕುಟುಂಬಗಳಲ್ಲಿ ಕೇಳಿಬರುವುದುಂಟು. ಆ ಮಾತಿನಲ್ಲಿ ಅರ್ಥವಾಗುವಂಥ ಬೇಸರವಿದೆ. ಆದರೆ ಇಬ್ಬರೂ ಅದೇ ಸೆನೆಟ್ಟಿನ ಅರವತ್ತು ಮತಗಳಿಗೆ ಕಾಯುತ್ತಿರುವಾಗ ಅದರಿಂದ ಯಾರಿಗೂ ಒಂದು ಮತ ಹೆಚ್ಚಿದಂತೆ ಕಾಣುವುದಿಲ್ಲ.

ಒತ್ತಾಸೆಯ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರುವುದು ಟೆಕ್ಸಾಸ್. ಅಲ್ಲಿಯ ಪ್ರೌಢಶಾಲೆಯಲ್ಲಿ ಓದಿದ ದಾಖಲೆರಹಿತರಿಗೂ ರಾಜ್ಯದ ನಿವಾಸಿಗಳಷ್ಟೇ ಕಡಿಮೆ ಕಾಲೇಜು ಶುಲ್ಕವೆಂಬ ಕಾನೂನಿಗೆ 2001ರಲ್ಲಿ ಸಹಿ ಹಾಕಿದವರು ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ. ಅದನ್ನು ರದ್ದುಮಾಡಲು ಶಾಸನಸಭೆಯಲ್ಲಿ ಮತ್ತೆ ಮತ್ತೆ ಬಂದ ಮಸೂದೆಗಳೆಲ್ಲ ಬಿದ್ದುಹೋದವು. 2025ರ ಜೂನ್ 4ರಂದು ಕೇಂದ್ರದ ನ್ಯಾಯ ಇಲಾಖೆ ಆ ಕಾನೂನಿನ ವಿರುದ್ಧ ದಾವೆ ಹೂಡಿತು. ಅದನ್ನು ಸಮರ್ಥಿಸಬೇಕಾಗಿದ್ದ ರಾಜ್ಯ ಸರ್ಕಾರ ಅದೇ ದಿನ ದಾವೆಗೆ ಒಪ್ಪಿಕೊಂಡಿತು. ನ್ಯಾಯಾಧೀಶರ ಆದೇಶವೂ ಅದೇ ದಿನ ಹೊರಬಿತ್ತು. ಎದುರುವಾದವೇ ಇಲ್ಲದ ಆ ಮೊಕದ್ದಮೆಯಲ್ಲಿ ತಮ್ಮನ್ನೂ ಕಕ್ಷಿದಾರರನ್ನಾಗಿ ಸೇರಿಸಿಕೊಳ್ಳಬೇಕೆಂದು ಕೋರಿ ವಿದ್ಯಾರ್ಥಿಗಳು ಅರ್ಜಿ ಸಲ್ಲಿಸಿದ್ದು ಆ ಬಳಿಕ.