ಬ್ಲಾಕ್ ಒತ್ತಿದರೆ ನಿಲ್ಲುವುದು ಯಾರು?

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ತರುವ ರೈತರೊಬ್ಬರ ಮೊಬೈಲ್ ನಂಬರ್ ಎಷ್ಟು ಜನರ ಬಳಿ ಇರಬಹುದು? ಚಾಕಿ (ಎಳೆಯ) ಹುಳು ಕೊಟ್ಟವರು, ಹಿಪ್ಪುನೇರಳೆ ಸೊಪ್ಪು ಸಾಲದಾದಾಗ ತೋಟ ಕೊಟ್ಟ ಪಕ್ಕದೂರಿನವರು, ಗೂಡು ಬಿಡಿಸಲು ಬರುವ ಕೂಲಿಯವರು, ಟೆಂಪೊದವನು, ಹಿಂದಿನ ಬೆಳೆ ಕೊಂಡ, ನೂಲು ತೆಗೆಯುವ ರೀಲರ್, ಮಾರುಕಟ್ಟೆಯ ಕಚೇರಿ. ಇ-ಹರಾಜು ಬಂದ ಮೇಲೆ ಇಲ್ಲಿ ದರ ಏರುವುದೂ ಮೊಬೈಲಿನಲ್ಲೇ. ಮಾರುಕಟ್ಟೆಯ ಹೊರಗೆ ಚಹಾದ ದುಡ್ಡಿನಿಂದ ಟೆಂಪೊ ಬಾಡಿಗೆಯವರೆಗೆ ಎಲ್ಲಕ್ಕೂ ‘ಫೋನ್‌ಪೇ ಮಾಡ್ಬಿಡಿ ಅಣ್ಣ’ ಎನ್ನುವುದೇ ರೂಢಿ.

ಹಿಂದೆ ನಂಬರ್ ಇದ್ದವರು ಹೆಚ್ಚೆಂದರೆ ಕರೆ ಮಾಡುತ್ತಿದ್ದರು. ಈಗ ಅದೇ ಹತ್ತು ಅಂಕಿ ಬ್ಯಾಂಕ್ ಖಾತೆಯ ವಿಳಾಸವೂ ಆಗಿದೆ. ಬಡ್ಡಿಗೆ ಪೀಡಿಸುವವರು, ಮುರಿದ ಸಂಬಂಧವನ್ನು ಬಿಡಲೊಲ್ಲದವರು, ಗುರುತೇ ಇಲ್ಲದ ವಂಚಕರು ಎಲ್ಲರೂ ಹಣದ ಆ್ಯಪಿನೊಳಗೆ ಬಂದು ನಿಲ್ಲಬಹುದು. ಆಗ ಕೈ ಹೋಗುವುದು ‘ಬ್ಲಾಕ್’ ಗುಂಡಿಗೆ. ಅದು ಏನನ್ನು ತಡೆಯುತ್ತದೆ, ಏನನ್ನು ತಡೆಯುವುದಿಲ್ಲ ಎನ್ನುವುದು ತಿಳಿಯಬೇಕಾದರೆ ಹಣ ಸಾಗುವ ದಾರಿಯನ್ನು ಒಮ್ಮೆ ನೋಡಬೇಕು.

ತಡೆಪಟ್ಟಿ ಇರುವ ಜಾಗ

ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಈ ಆ್ಯಪ್‌ಗಳು ಬಳಸುವ ಯುಪಿಐ ವ್ಯವಸ್ಥೆಯನ್ನು ಪ್ರಾಯೋಗಿಕವಾಗಿ ಆರಂಭಿಸಿದ್ದು 2016ರ ಏಪ್ರಿಲ್ 11ರಂದು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ, 2025ರ ಆಗಸ್ಟ್ ತಿಂಗಳೊಂದರಲ್ಲೇ ಅದರ ಮೂಲಕ 2,000 ಕೋಟಿಗೂ ಹೆಚ್ಚು ವಹಿವಾಟು ನಡೆಯಿತು.

ನೀವು ಒಬ್ಬರಿಗೆ ನೂರು ರೂಪಾಯಿ ಕಳಿಸಿದಿರಿ ಎನ್ನಿ. ನಿಮ್ಮ ಆ್ಯಪ್ ಆ ಆದೇಶವನ್ನು ತನ್ನ ಪಾಲುದಾರ ಬ್ಯಾಂಕಿನ ಮೂಲಕ ಎನ್‌ಪಿಸಿಐ ಕೇಂದ್ರಕ್ಕೆ ದಾಟಿಸುತ್ತದೆ. ಕೇಂದ್ರವು ಹಣ ಪಡೆಯುವವರ ಯುಪಿಐ ಐಡಿ ಯಾವ ಖಾತೆಗೆ ಸೇರಿದ್ದೆಂದು ಆ ಕಡೆಯ ಸಂಸ್ಥೆಯನ್ನು ಕೇಳಿಕೊಂಡು, ನಿಮ್ಮ ಬ್ಯಾಂಕಿಗೆ ‘ಕಳೆ’ ಎಂದೂ ಅವರ ಬ್ಯಾಂಕಿಗೆ ‘ಕೂಡು’ ಎಂದೂ ಹೇಳುತ್ತದೆ. ಇದೆಲ್ಲ ಮುಗಿಯಲು ಕೆಲವು ಸೆಕೆಂಡು ಸಾಕು.

ನೀವು ಬ್ಲಾಕ್ ಮಾಡಿದವರ ಪಟ್ಟಿ ಇರುವುದು ನಿಮ್ಮ ಆ್ಯಪ್ ಕಂಪನಿಯ ಸರ್ವರಿನಲ್ಲಿ. ಬ್ಯಾಂಕಿಗೆ ಅದು ಗೊತ್ತಿರುವುದಿಲ್ಲ, ಇನ್ನೊಂದು ಕಂಪನಿಯ ಆ್ಯಪಿಗಂತೂ ಗೊತ್ತಿರುವ ಮಾತೇ ಇಲ್ಲ. ಗೂಗಲ್ ಪೇಯಲ್ಲಿ ತಡೆದವರು ಫೋನ್‌ಪೇಯಲ್ಲಿ ತಡೆಯಲ್ಪಟ್ಟಿರುವುದಿಲ್ಲ. ನಿಮ್ಮ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಗೊತ್ತಿದ್ದವರು ಯಾವ ಆ್ಯಪಿನ ಗೊಡವೆಯೂ ಇಲ್ಲದೆ ಹಣ ಹಾಕಬಹುದು. ಖಾತೆ ನಿಮ್ಮದೇ ಆದರೂ ಅದಕ್ಕೆ ಯಾರು ಹಣ ಹಾಕಬೇಕು, ಯಾರು ಹಾಕಬಾರದು ಎಂದು ಮೊದಲೇ ಹೇಳುವ ಅವಕಾಶ ಸಾಮಾನ್ಯ ಗ್ರಾಹಕರಿಗೆ ಇಲ್ಲ.

ಹೆಸರು ಅಗ್ಗವಾದರೆ

ತಡೆಪಟ್ಟಿಗೆ ಇನ್ನೊಂದು ಮಿತಿಯಿದೆ. ಅದು ಯಾವತ್ತೂ ಒಂದು ಗುರುತನ್ನು ತಡೆಯುತ್ತದೆ, ಮನುಷ್ಯನನ್ನಲ್ಲ. ಒಬ್ಬರೇ ಹಲವು ಯುಪಿಐ ಐಡಿಗಳನ್ನು ಮಾಡಿಕೊಳ್ಳಬಹುದು. ಒಂದನ್ನು ತಡೆದರೆ ಇನ್ನೊಂದರಿಂದ ಬರುತ್ತಾರೆ.

ಗಣಕ ವಿಜ್ಞಾನದಲ್ಲಿ ಇದಕ್ಕೆ ‘ಸಿಬಿಲ್ ದಾಳಿ’ ಎಂದು ಹೆಸರು. ಮೈಕ್ರೋಸಾಫ್ಟ್ ಸಂಶೋಧಕ ಜಾನ್ ಡೌಸರ್ 2002ರಲ್ಲಿ ಇದನ್ನು ವಿವರಿಸಿದರು. ಹೊಸ ಗುರುತು ಪಡೆಯುವುದು ಸುಲಭವೂ ಅಗ್ಗವೂ ಆಗಿರುವ ಜಾಲದಲ್ಲಿ, ಗುರುತುಗಳನ್ನು ನೋಂದಾಯಿಸಿ ಪರಿಶೀಲಿಸುವ ನಂಬಿಕಸ್ಥ ಕೇಂದ್ರವೊಂದು ಇಲ್ಲದಿದ್ದರೆ, ಒಬ್ಬನೇ ನೂರು ಜನರಂತೆ ನಟಿಸುವುದನ್ನು ತಡೆಯಲಾಗದು ಎಂಬುದು ಅವರ ವಾದದ ಸಾರ. ಉಚಿತ ಇಮೇಲ್ ವಿಳಾಸಗಳ ಲೋಕದಲ್ಲಿ ಕಸದಂಚೆ ನಿಲ್ಲದಿರುವುದು ಇದೇ ಕಾರಣಕ್ಕೆ.

ಯುಪಿಐ ಈ ವಿಷಯದಲ್ಲಿ ಇಮೇಲಿಗಿಂತ ಗಟ್ಟಿ. ಇಲ್ಲಿ ಬಹುತೇಕ ಐಡಿಗಳ ಹಿಂದೆ ದಾಖಲೆ ಕೊಟ್ಟು ತೆರೆದ ಬ್ಯಾಂಕ್ ಖಾತೆಯಿದೆ, ಆ ಖಾತೆಗೆ ಸೇರಿದ ಸಿಮ್ ಇದೆ. ಆ್ಯಪ್ ಹಾಕಿಕೊಳ್ಳುವಾಗ ನಿಮ್ಮ ಫೋನಿನಿಂದಲೇ ಒಂದು ಎಸ್ಸೆಮ್ಮೆಸ್ ಹೋಗುವುದು, ಸಿಮ್ ಈ ಫೋನಿನಲ್ಲೇ ಇದೆ ಎಂದು ಖಚಿತಪಡಿಸಲು. ಹಾಗಾಗಿ ವಂಚಕರಿಗೆ ಬೇಕಾಗುವುದು ಬೇರೆಯವರ ಖಾತೆ. ಕಮಿಷನ್ ಆಸೆಗೆ ತಮ್ಮ ಖಾತೆಯನ್ನು ಬಳಸಲು ಕೊಡುವವರಿಂದ ಅದು ಸಿಗುತ್ತದೆ. ಇಂಥ ಬಾಡಿಗೆ ಖಾತೆಗಳನ್ನು ಪತ್ತೆಹಚ್ಚಲು ಬೆಂಗಳೂರಿನ ರಿಸರ್ವ್ ಬ್ಯಾಂಕ್ ಇನ್ನೊವೇಷನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನು ರೂಪಿಸಿದೆ. ಖಾತೆಯ ವಹಿವಾಟಿನ ಚಹರೆ ನೋಡಿ ಅನುಮಾನಾಸ್ಪದವಾದದ್ದನ್ನು ಅದು ಬ್ಯಾಂಕಿಗೆ ತೋರಿಸುತ್ತದೆ.

ಒಬ್ಬೊಬ್ಬರನ್ನೇ ಹಿಡಿಯುವ ಬದಲು

ಬೇಡದವರ ಕೈಗೆ ಸಿಕ್ಕಿದ್ದ ದೊಡ್ಡ ಆಯುಧ ‘ಹಣದ ಕೋರಿಕೆ’. ಯಾರು ಬೇಕಾದರೂ ನಿಮಗೆ ‘ಇಷ್ಟು ಹಣ ಕೊಡಿ’ ಎಂಬ ಕೋರಿಕೆ ಕಳಿಸಬಹುದಿತ್ತು. ನೀವು ಒಪ್ಪಿ ಪಿನ್ ಹಾಕಿದರೆ ಹಣ ಹೋಯಿತು. ಹಳೆಯ ಫ್ರಿಜ್ ಮಾರಲು ಜಾಹೀರಾತು ಕೊಟ್ಟವರಿಗೆ ಕರೆ ಬರುತ್ತಿತ್ತು: ‘ನಾನು ಮಿಲಿಟರಿಯವನು, ದುಡ್ಡು ಹಾಕಿದ್ದೇನೆ, ಬಂದ ಮೆಸೇಜ್ ಒತ್ತಿ ಪಿನ್ ಹಾಕಿ, ಜಮೆ ಆಗುತ್ತೆ.’ ಹಣ ಪಡೆಯಲು ಪಿನ್ ಎಂದೂ ಬೇಕಿಲ್ಲ. ಆದರೆ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು ಪಿನ್ ಹಾಕಿ ರೂಢಿಯಾದ ಬೆರಳಿಗೆ, ಪಿನ್ ಕೇಳಿದ್ದೆಲ್ಲ ಒಂದೇ ಥರ ಕಾಣುತ್ತದೆ.

ಕೋರಿಕೆ ಕಳಿಸಿದ ಐಡಿಯನ್ನು ತಡೆಯುವ, ಅದರ ಮೇಲೆ ದೂರು ದಾಖಲಿಸುವ ಗುಂಡಿ ಆ್ಯಪ್‌ಗಳಲ್ಲಿ ಬಂತು. ಒಬ್ಬರಿಂದ ಒಬ್ಬರಿಗೆ ಹೋಗುವ ಕೋರಿಕೆಗೆ 2,000 ರೂಪಾಯಿಯ ಮಿತಿಯೂ ಬಂತು. ಆದರೂ ವಂಚನೆ ನಿಲ್ಲಲಿಲ್ಲ. ಒಬ್ಬೊಬ್ಬರನ್ನೇ ತಡೆಯುತ್ತಾ ಸೋಲುವ ಈ ಪಾಡು ಶಿಡ್ಲಘಟ್ಟದ ಬೆಳೆಗಾರರಿಗೆ ಹೊಸದಲ್ಲ. 1980ರಲ್ಲಿ ಪಶ್ಚಿಮ ಬಂಗಾಳದ ಗೂಡಿನೊಂದಿಗೆ ಕರ್ನಾಟಕಕ್ಕೆ ಬಂದ ಊಜಿ ನೊಣ ರೇಷ್ಮೆ ಹುಳುವಿನ ಮೇಲೆ ಮೊಟ್ಟೆಯಿಟ್ಟು ಬೆಳೆಯನ್ನೇ ಕೆಡಿಸುತ್ತಿತ್ತು. ನೊಣಗಳನ್ನು ಒಂದೊಂದಾಗಿ ಹೊಡೆಯುತ್ತಾ ಕೂತವರಿಗೆ ಗೂಡು ದಕ್ಕಲಿಲ್ಲ. ಹುಳುಮನೆಯ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಬಲೆ ಹೊಡೆದವರಿಗೆ ದಕ್ಕಿತು.

ಎನ್‌ಪಿಸಿಐ ಮಾಡಿದ್ದೂ ಅದನ್ನೇ. 2025ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ, ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಹಣದ ಕೋರಿಕೆಯನ್ನು ಅಕ್ಟೋಬರ್ 1ರಿಂದ ಪೂರ್ತಿ ನಿಲ್ಲಿಸುವಂತೆ ಬ್ಯಾಂಕ್ ಮತ್ತು ಆ್ಯಪ್‌ಗಳಿಗೆ ಸೂಚಿಸಿತು. ವ್ಯಾಪಾರಿಗಳು ಕಳಿಸುವ ಕೋರಿಕೆಗೆ ಆ ಸುತ್ತೋಲೆ ಅನ್ವಯಿಸಲಿಲ್ಲ. ಅದೇ ವರ್ಷದ ಜೂನ್ 30ರಿಂದ ಹಣ ಕಳಿಸುವ ಮುನ್ನ ಪಡೆಯುವವರ ಬ್ಯಾಂಕ್ ದಾಖಲೆಯ ಹೆಸರನ್ನೇ ತೋರಿಸಬೇಕೆಂಬ ನಿಯಮವೂ ಜಾರಿಗೆ ಬಂತು. ಆ್ಯಪಿನಲ್ಲಿ ಇಟ್ಟುಕೊಂಡ ಅಡ್ಡಹೆಸರು ಅಲ್ಲಿ ನಡೆಯದು.

ಒಂದು ರೂಪಾಯಿಯ ಬೈಗುಳ

ಬಲೆಯ ಆಚೆಗೂ ಒಂದು ಸಂದಿ ಉಳಿಯುತ್ತದೆ. ಹಣ ಕೇಳುವುದನ್ನು ನಿಲ್ಲಿಸಬಹುದು, ಕೊಡುವುದನ್ನು ಹೇಗೆ ನಿಲ್ಲಿಸುವುದು? ಪಾವತಿಯ ಜೊತೆ ನಾಲ್ಕು ಮಾತು ಬರೆಯಲು ಜಾಗವಿರುತ್ತದೆ. ಕರೆ, ವಾಟ್ಸ್ಆ್ಯಪ್ ಎಲ್ಲ ಕಡೆ ತಡೆಯಲ್ಪಟ್ಟವನು ಒಂದು ರೂಪಾಯಿ ಕಳಿಸಿ ಅದರ ಜೊತೆ ಬೆದರಿಕೆ ಬರೆಯಬಹುದು.

ಇದು ಬರೀ ಊಹೆಯಲ್ಲ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕ್ 2020ರಲ್ಲಿ ತನ್ನ ವಹಿವಾಟುಗಳನ್ನು ಪರಿಶೀಲಿಸಿದಾಗ, ಮೂರು ತಿಂಗಳಲ್ಲಿ 8,000ಕ್ಕೂ ಹೆಚ್ಚು ಗ್ರಾಹಕರಿಗೆ ಬೈಗುಳವಿರಬಹುದಾದ ಬರಹದೊಂದಿಗೆ ಪದೇ ಪದೇ ಚಿಲ್ಲರೆ ಹಣ ಬಂದದ್ದು ಕಂಡಿತು. ಎಷ್ಟೋ ಸಲ ಮೊತ್ತ ಒಂದು ಡಾಲರಿಗೂ ಕಡಿಮೆ. ಬ್ಯಾಂಕ್ ಬೈಗುಳದ ಪದಗಳಿಗೆ ಜರಡಿ ಹಿಡಿಯಿತು, ಆಮೇಲೆ ಕೃತಕ ಬುದ್ಧಿಮತ್ತೆಯನ್ನೂ ಬಳಸಿತು. ಆದರೆ ಬೆದರಿಕೆಗೆ ಕೆಟ್ಟ ಪದವೇ ಬೇಕೆಂದಿಲ್ಲ. ‘ನೀನು ಎಲ್ಲಿದ್ದೀಯ ಗೊತ್ತು’ ಎಂಬ ಸಾಲಿನಲ್ಲಿ ಜರಡಿಗೆ ಸಿಗುವ ಪದ ಯಾವುದಿದೆ? ಶಿಡ್ಲಘಟ್ಟದಲ್ಲಾದರೆ ಒಂದೇ ಸಾಲಿನಲ್ಲಿ ಕನ್ನಡ, ತೆಲುಗು, ಉರ್ದು ಬೆರೆತು, ಅದೂ ಇಂಗ್ಲಿಷ್ ಅಕ್ಷರದಲ್ಲಿ ಬರುತ್ತದೆ. ಅಂಥ ಬರಹವನ್ನು ಓದುವ ಜರಡಿ ಕಟ್ಟುವುದು ಇನ್ನಷ್ಟು ಕಷ್ಟದ ಕೆಲಸ.

ನಮ್ಮ ಕೈಯಲ್ಲಿರುವುದು

ಬೇಡದವರನ್ನು ನೀವು ಬಳಸುವ ಪ್ರತಿ ಆ್ಯಪಿನಲ್ಲೂ ಬೇರೆ ಬೇರೆಯಾಗಿ ತಡೆಯಬೇಕು. ತಡೆಯುವ ಮುನ್ನ ಸಂದೇಶ ಮತ್ತು ವಹಿವಾಟಿನ ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಮುಂದೆ ದೂರಿಗೆ ಬೇಕಾಗುತ್ತದೆ. ಮೊಬೈಲ್ ನಂಬರೇ ಯುಪಿಐ ವಿಳಾಸವಾಗಿ ಕೆಲಸ ಮಾಡುವುದು ಬೇಡವಾದರೆ, ಸೆಟ್ಟಿಂಗ್ಸ್‌ನಲ್ಲಿ ‘ಯುಪಿಐ ನಂಬರ್’ ಎಂಬಲ್ಲಿ ಅದನ್ನು ತೆಗೆಯಬಹುದು. ಅಂಗಡಿಯವರು ಗಿರಾಕಿಗಳಿಗೆ ನಂಬರ್ ಹೇಳುವ ಬದಲು ಕ್ಯೂಆರ್ ಕೋಡ್ ತೋರಿಸುವುದು ಮೇಲು.

ತಿಂಗಳು ತಿಂಗಳು ತಾನಾಗಿ ಹಣ ಕಡಿತವಾಗುವ ‘ಆಟೊಪೇ’ ಬ್ಲಾಕಿನಿಂದ ನಿಲ್ಲುವುದಿಲ್ಲ. ಒಮ್ಮೆ ಪಿನ್ ಹಾಕಿ ಒಪ್ಪಿದ ಮೇಲೆ, 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. ಆ್ಯಪಿನ ಆಟೊಪೇ ವಿಭಾಗದಲ್ಲೇ ಅದನ್ನು ರದ್ದು ಮಾಡಬೇಕು.

ಗುರುತಿಲ್ಲದವರಿಂದ ಹಣ ಬಂದು, ‘ತಪ್ಪಿ ಬಂದಿದೆ, ಈ ನಂಬರಿಗೆ ವಾಪಸ್ ಹಾಕಿ’ ಎಂಬ ಕರೆ ಬಂದರೆ ನೀವೇ ಕಳಿಸಲು ಹೋಗಬೇಡಿ, ಬ್ಯಾಂಕಿಗೆ ತಿಳಿಸಿ. ಅದು ಇನ್ಯಾರಿಂದಲೋ ಕದ್ದ ಹಣವಾಗಿದ್ದರೆ ಪೊಲೀಸರ ಸೂಚನೆಯ ಮೇಲೆ ನಿಮ್ಮ ಖಾತೆಯನ್ನೇ ತಡೆಹಿಡಿಯಬಹುದು. ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಹಣ ಖಾತೆಯಿಂದ ಖಾತೆಗೆ ಜಿಗಿಯುವ ಮೊದಲು ಹಿಡಿಯುವುದು ಆ ಸಹಾಯವಾಣಿಯ ಕೆಲಸ, ಅಲ್ಲಿ ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ.

ಒಬ್ಬರನ್ನು ಒಮ್ಮೆ ತಡೆದರೆ ಎಲ್ಲ ಆ್ಯಪ್, ಎಲ್ಲ ಬ್ಯಾಂಕಿನಲ್ಲೂ ತಡೆಯಾಗುವಂತೆ ಎನ್‌ಪಿಸಿಐ ಕೇಂದ್ರದಲ್ಲೇ ಪಟ್ಟಿ ಇಡಬಾರದೇ? ತಾಂತ್ರಿಕವಾಗಿ ಅದು ಅಸಾಧ್ಯವೇನಲ್ಲ. ಆದರೆ ಆಗ ದೇಶದಲ್ಲಿ ಯಾರಿಗೆ ಯಾರನ್ನು ಕಂಡರಾಗದು ಎಂಬ ದಾಖಲೆಯೆಲ್ಲ ಒಂದೇ ಕಡೆ ಸೇರುತ್ತದೆ. ಅದು ಸೋರಿದರೆ ಆಗುವ ಅನಾಹುತ ಸಣ್ಣದಲ್ಲ. ಪಟ್ಟಿಯನ್ನು ನಂಬರಿನ ಮೇಲೆ ಕಟ್ಟಿದರೆ ಇನ್ನೊಂದು ತೊಡಕು: ಸ್ಥಗಿತಗೊಂಡ ಮೊಬೈಲ್ ನಂಬರನ್ನು ಕಂಪನಿಗಳು 90 ದಿನದ ಬಳಿಕ ಬೇರೆಯವರಿಗೆ ಕೊಡಬಹುದು, ಆಗ ಯಾರದೋ ತಪ್ಪಿಗೆ ಇನ್ಯಾರೋ ತಡೆಯಲ್ಪಡುತ್ತಾರೆ. ಹಾಗಾಗಿ ಒಳ್ಳೆಯ ಪರಿಹಾರ ಇನ್ನೂ ಉದ್ದದ ಪಟ್ಟಿಯಲ್ಲ. ಪಾವತಿಯ ಜೊತೆಗಿನ ಬರಹವನ್ನು ಅಪರಿಚಿತರಿಂದ ಸ್ವೀಕರಿಸದಿರುವ ಆಯ್ಕೆ, ಸಂಪರ್ಕಪಟ್ಟಿಯಲ್ಲಿ ಇಲ್ಲದವರಿಗೆ ನನ್ನ ಹೆಸರು ಕಾಣದಂಥ ಆಯ್ಕೆ, ಇಂಥವನ್ನು ಆ್ಯಪ್ ಕಟ್ಟುವವರೇ ಮೊದಲಿನಿಂದ ಇಟ್ಟರೆ, ಬ್ಲಾಕ್ ಗುಂಡಿಯನ್ನು ಹುಡುಕುವ ಪ್ರಸಂಗವೇ ಎಷ್ಟೋ ಜನರಿಗೆ ಬರುವುದಿಲ್ಲ.